ಚಿಲಕ

ಒಲೆ ಹೊತ್ತಿಸುವುದು ನನ್ನ ಪಾಲಿನ ಕೆಲಸ.
ಭಾನುವಾರ ಎಂಟಕ್ಕೇ ಬಂದು ಬೂದಿ ತೋಡಿ,
ಕಲ್ಲಿದ್ದಲು ಜೋಡಿಸಿ, ಊದಿ, ಕೆಮ್ಮಿ,
ಬೆಂಚಿನ ಮೇಲಿನ ಇಲಿಹಿಕ್ಕೆ ಒರೆಸುತ್ತೇನೆ.
ಹೊರಗೆ ಯಾರ್ಕ್‌ಷೈರಿನ ಫೆಬ್ರವರಿ.
ಕಲ್ಲುಗೋಡೆಗಳ ಬೆನ್ನಿಗೆ ಹಿಮ ಅಂಟಿದೆ
ತೊಳೆಯದ ಕುರಿಯುಣ್ಣೆಯ ಹಾಗೆ.

ನಮ್ಮಲ್ಲಿ ಪಾದ್ರಿಯಿಲ್ಲ. ಗಂಟೆಯಿಲ್ಲ.
ಮೇಣದ ಬತ್ತಿಯೂ ಇಲ್ಲ.
ಗೋಡೆಗೆ ಸುಣ್ಣ, ಸುಣ್ಣಕ್ಕೆ ಬಿರುಕು,
ಎದುರುಬದುರು ಬೆಂಚು, ಹನ್ನೊಂದು ಮಂದಿ, ಒಂದು ನಾಯಿ.
ಬಂದು ಕೂರುತ್ತೇವೆ, ತುಟಿ ಬಿಚ್ಚದೆ.
ಒಳಗಿನವನು ಎಬ್ಬಿಸಿದರೆ ಏಳಬೇಕು,
ನುಡಿಸಿದರೆ ನುಡಿಯಬೇಕು,
ಇಲ್ಲದಿದ್ದರೆ ನೆಲದ ಹಲಗೆ ಎಣಿಸಬೇಕು
(ನಲವತ್ತೆರಡು. ಒಂದು ಸಡಿಲ).

ಮೂವತ್ತೊಂದು ವರ್ಷದಲ್ಲಿ ನನ್ನನ್ನವನು ಎಬ್ಬಿಸಿಲ್ಲ.
ಒಮ್ಮೆ ಎದ್ದೆ, ನಿಜ. ಮಂಡಿ ಹಿಡಿದುಕೊಂಡಿತ್ತು.
ಎಲ್ಲರೂ ಕಿವಿಗೊಟ್ಟರು. ಮತ್ತೆ ಕೂತೆ.
ಆಮೇಲೆ ಚಹಾ ಹೀರುತ್ತ ಅಂಬ್ರೋಸ್ ಹೇಳಿದ:
"ಇವತ್ತು ನೀನು ಹೇಳಿದ್ದು ಮನಸ್ಸಿಗೆ ನಾಟಿತು."

ಈ ಭಾನುವಾರ ವಿನಿಫ್ರೆಡ್ ಕೈಯಲ್ಲಿ ಒಂದು ಕಾಗದ.
ಜೈಲಿನ ಮುದ್ರೆ. ನೀಲಿ ಗೆರೆಯ ಹಾಳೆ.
ಹಾಲಿನ ಲಾರಿಯ ಕಾಲಿನ್, ಅದೇ ಹಡ್‌ಸ್ವೆಲ್, ಬರೆದಿದ್ದಾನೆ:
"ಮಾರ್ಚಿನಲ್ಲಿ ಬಿಡುತ್ತಾರೆ.
ಬಾಗಿಲ ಹತ್ತಿರದ ಬೆಂಚಾದರೂ ಸಾಕು.
ಮಾತಾಡುವುದಿಲ್ಲ. ಬರಲೇ?"

ಓದಿ, ಮಡಿಸಿ, ಕನ್ನಡಕ ತೆಗೆದಳು.
ಮೂರನೆಯ ಬೆಂಚಿನ ಕಡೆ ಯಾರೂ ನೋಡಲಿಲ್ಲ.
ನೋಡದೆ ಇರುವುದಕ್ಕೂ ಒಂದು ಸದ್ದಿದೆ.
ಅಲ್ಲಿ ಈಡಿತ್. ಪಕ್ಕದಲ್ಲಿ ಒಂದು ಮೊಳ ಜಾಗ,
ರಾಬಿನ್‌ನ ಕಾಲು ನೆಲಕ್ಕೆ ಎಟುಕುವ ಮೊದಲೇ
ಖಾಲಿಯಾದ ಜಾಗ. ಆರು ವರ್ಷ.
ಅವಳು ತನ್ನ ಕೋಟನ್ನೂ ಅಲ್ಲಿ ಇಡುವುದಿಲ್ಲ.

ನಮ್ಮಲ್ಲಿ ಕೈ ಎತ್ತಿಸಿ ಎಣಿಸುವ ರೂಢಿಯಿಲ್ಲ.
ಗೆದ್ದವರಿಲ್ಲ, ಸೋತವರಿಲ್ಲ.
ಒಬ್ಬರ ಎದೆಯಲ್ಲಿ ಮುಳ್ಳು ಉಳಿದರೂ ಎಲ್ಲರೂ ಕಾಯಬೇಕು,
ಕೆನೆ ಕಟ್ಟುವ ತನಕ ಹಾಲು ಕಲಕದೆ ಬಿಟ್ಟ ಹಾಗೆ.

ಕಾದೆವು. ಅದು ಪ್ರಾರ್ಥನೆಯೋ ಏನೋ.
ನನ್ನೊಳಗಂತೂ ಬೆಳಕು ಗಿಳಕು ಇರಲಿಲ್ಲ;
ಆ ಸೇತುವೆ ಇತ್ತು, ಉರುಳಿದ ಕ್ಯಾನುಗಳಿದ್ದವು,
ಹಿಮ ಯಾವುದು ಹಾಲು ಯಾವುದು ತಿಳಿಯದೆ
ಸಲಿಕೆ ಹಿಡಿದು ನಿಂತ ಮಧ್ಯಾಹ್ನ ಇತ್ತು.
ಒಲೆಯಲ್ಲಿ ಕೆಂಡ ಕುಸಿಯಿತು.
ನಾಯಿ ಕಣ್ಣು ತೆರೆದು ಮುಚ್ಚಿತು.
ಗೋಡೆಗೆ ಗಡಿಯಾರವಿಲ್ಲ; ಅಂಬ್ರೋಸನ ಮೂಗೇ ಗಡಿಯಾರ.

ಯಾವಾಗಲೋ, ಯಾವಾಗ ಎಂದು ಕೇಳಬೇಡಿ,
ಬೇರೆ ಬೇರೆ ಹಗ್ಗದಲ್ಲಿ ಒಂದೇ ಬಾವಿಗಿಳಿದ ಕೊಡಗಳು
ತಳದ ಕತ್ತಲಲ್ಲಿ ಒಂದಕ್ಕೊಂದು ತಾಗಿದವು.
ಠಣ್ಣೆನ್ನಲಿಲ್ಲ. ತಾಗಿದ್ದಂತೂ ಹೌದು.

ಆಗ ಈಡಿತ್ ಎದ್ದಳು.
ಅವಳಿಂದ ಎಲ್ಲರಿಗೂ ಒಂದು ಒಳ್ಳೆಯ ಮಾತು ಬೇಕಿತ್ತು.
ನನಗೂ. ನಾಚಿಕೆಯ ವಿಷಯ.
"ನಾನವನನ್ನು ಕ್ಷಮಿಸಿಲ್ಲ," ಅಂದಳು.
"ಕ್ಷಮಿಸು ಎಂದು ಒಳಗೆ ಯಾರೂ ಹೇಳಲೂ ಇಲ್ಲ.
ಕೂತಾಗಿನಿಂದ ಒಂದೇ ಮಾತು ಕೇಳಿಸುತ್ತಿದೆ,
ಅದೂ ಏನು ದೊಡ್ಡದಲ್ಲ:
ಚಿಲಕ ಹಾಕಬೇಡ."

ಕೂತಳು. ಕೈ ನಡುಗುತ್ತಿತ್ತು. ಯಾರೂ ಹಿಡಿಯಲಿಲ್ಲ.
ವಿನಿಫ್ರೆಡ್ ಪುಸ್ತಕ ತೆರೆದು ಬರೆದಳು,
ಹೊಡೆದುಹಾಕಿ ಮತ್ತೆ ಬರೆದಳು, ಓದಿದಳು:
"ಬಾಗಿಲಿಗೆ ಚಿಲಕ ಹಾಕುವುದಿಲ್ಲ.
ಇದಕ್ಕಿಂತ ಹೆಚ್ಚು ಇವತ್ತು ನಮಗೆ ತಿಳಿಯದು."
ಕಾದಳು. ಯಾರ ಉಸಿರೂ ಅಡ್ಡ ಬರಲಿಲ್ಲ.

ಎಲ್ಲರೂ ಹೋದಮೇಲೆ ಕೆಂಡ ಮುಚ್ಚಿ ಹೊರಬಂದೆ.
ಬಾಗಿಲು ಹಾಕಿ, ರೂಢಿಯ ಕೈ ಚಿಲಕಕ್ಕೆ ಹೋಗಿ
ಅಲ್ಲೇ ನಿಂತಿತು.
ಗಾಳಿಯ ಊರು ನಮ್ಮದು; ರಾತ್ರಿಯೆಲ್ಲ ಬಡಿದುಕೊಳ್ಳುತ್ತದೆ.
ಕುರಿ ನುಗ್ಗಿದರೆ ಗುಡಿಸುವವನು ನಾನೇ.
ಬಿದ್ದ ಗೋಡೆಯಿಂದ ಕಲ್ಲೊಂದು ಹೊತ್ತು ತಂದೆ,
ಭಾರ ನೋಡಿದೆ, ಬಿಟ್ಟೆ, ಇನ್ನೊಂದು ತಂದೆ.
ಹೊಸ್ತಿಲಿಗೆ ಒತ್ತಿಟ್ಟೆ:
ಕುರಿ ಸರಿಸಲಾರದಷ್ಟು,
ಒಬ್ಬ ಮನುಷ್ಯ ಕಾಲಲ್ಲಿ ಸರಿಸುವಷ್ಟು.